ಜಗಲಿಯಿಂದ ಅಡುಗೆಮನೆಗೆ

2025ರ ಡಿಸೆಂಬರ್ 10ರಂದು ದೆಹಲಿಯ ಕೆಂಪುಕೋಟೆಯಲ್ಲಿ ಸೇರಿದ್ದ ಯುನೆಸ್ಕೊ ಸಮಿತಿ ನಮ್ಮ ದೀಪಾವಳಿಯನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಅದೇ ದಿನ, ಅದೇ ಸಭೆಯಲ್ಲಿ ಇಟಲಿಯ ಅಡುಗೆಗೂ ಆ ಮನ್ನಣೆ ಸಿಕ್ಕಿತು. ದೀಪಾವಳಿಯ ಸುದ್ದಿ ನಮ್ಮಲ್ಲಿ ಎದ್ದು ಕಂಡಿತು, ಇಟಲಿಯದು ಬದಿಗೆ ಸರಿಯಿತು. ಆದರೆ ಪುತ್ತೂರು, ಸುಳ್ಯ, ಕಡಬದ ಕಡೆಯ ನಮಗೆ ಆ ಎರಡನೆಯ ಸುದ್ದಿಯಲ್ಲಿ ಯೋಚಿಸಬೇಕಾದದ್ದು ಬಹಳ ಇದೆ. ಇಟಲಿಯವರು ಒಂದು ಪಿಜ್ಜಾವನ್ನೋ ಪಾಸ್ತಾವನ್ನೋ ಮುಂದಿಟ್ಟು ಮನ್ನಣೆ ಕೇಳಿರಲಿಲ್ಲ. ಒಟ್ಟಿಗೆ ಕೂತು ಅಡುಗೆ ಮಾಡುವುದು, ಅಜ್ಜಿಯ ಕೈಯಿಂದ ಮೊಮ್ಮಗಳ ಕೈಗೆ ಅದು ದಾಟುವುದು, ಋತುವಿಗೆ ತಕ್ಕಂತೆ ಉಣ್ಣುವುದು, ಮಿಕ್ಕಿದ್ದನ್ನು ಚೆಲ್ಲದೆ ಬಳಸುವುದು – ಈ ಬಾಳುವೆಯನ್ನೇ ಅವರು ಮುಂದಿಟ್ಟಿದ್ದರು.

ಆ ಬಾಳುವೆಯಲ್ಲಿ ಅವರು ಹೊರಗಿನವರಿಗೂ ಜಾಗ ಮಾಡಿಕೊಟ್ಟಿದ್ದಾರೆ. ಬೊಲೋನ್ಯಾ, ಫ್ಲಾರೆನ್ಸ್, ರೋಮ್ – ಯಾವ ಊರಿಗೆ ಹೋದರೂ ಅರ್ಧ ದಿನದ ಅಡುಗೆ ತರಗತಿ ಸಿಗುತ್ತದೆ. ನಮ್ಮೂರಿನಿಂದ ಹೊರಟು ಯುರೋಪಿನಲ್ಲಿ ಕೆಲಸದಲ್ಲಿರುವ ಮಕ್ಕಳು ಅಪ್ಪ ಅಮ್ಮನನ್ನು ಕರೆಸಿಕೊಂಡಾಗ ಇಗರ್ಜಿ, ಗೋಪುರಗಳ ಜೊತೆಗೆ ಇದನ್ನೂ ತೋರಿಸುತ್ತಾರೆ. ಒಂದು ಮನೆ ಅಥವಾ ಮನೆಯಂಥ ಜಾಗ. ಏಪ್ರನ್ ಕಟ್ಟಿಕೊಂಡ ಏಳೆಂಟು ಮಂದಿ. ಮರದ ಹಲಗೆಯ ಮೇಲೆ ನೂರು ಗ್ರಾಂ ಗೋಧಿ ಹಿಟ್ಟಿಗೆ ಒಂದು ಮೊಟ್ಟೆಯ ಲೆಕ್ಕ. ನಡುವೆ ಗುಳಿ ಮಾಡಿ ಮೊಟ್ಟೆ ಒಡೆದು ಹಾಕಿ, ಅಂಚಿನಿಂದ ಹಿಟ್ಟು ಎಳೆದುಕೊಳ್ಳುತ್ತಾ ಕಲಸಬೇಕು. ಹತ್ತು ನಿಮಿಷ ಅಂಗೈಯ ಬುಡದಿಂದ ನಾದಬೇಕು, ಅರ್ಧ ಗಂಟೆ ಮುಚ್ಚಿಡಬೇಕು. ಆಮೇಲೆ ತೋಳುದ್ದದ ಲಟ್ಟಣಿಗೆಯಿಂದ, ಬೆಳಕಿಗೆ ಹಿಡಿದರೆ ಬೆರಳು ಕಾಣುವಷ್ಟು ತೆಳ್ಳಗೆ ಲಟ್ಟಿಸಬೇಕು. ಕಲಿಸುವ ಹೆಂಗಸು ಮಾತಿಗಿಂತ ಹೆಚ್ಚು ನಿಮ್ಮ ಕೈಯ ಮೇಲೆ ತನ್ನ ಕೈಯಿಟ್ಟು ಒತ್ತಿ ತೋರಿಸುತ್ತಾಳೆ. ಕೊನೆಗೆ ತಾವು ಮಾಡಿದ್ದನ್ನು ಎಲ್ಲರೂ ಒಂದೇ ಮೇಜಿನಲ್ಲಿ ಉಣ್ಣುತ್ತಾರೆ.

ಈ ಪದ್ಧತಿಯ ಹಿಂದೆ ಒಂದು ಹಳೆಯ ಕಥೆಯಿದೆ. ಪೆಲ್ಲೆಗ್ರಿನೋ ಆರ್ತೂಸಿ ಎಂಬ ವ್ಯಾಪಾರಿ 1891ರಲ್ಲಿ ತನ್ನದೇ ಖರ್ಚಿನಲ್ಲಿ ಒಂದು ಅಡುಗೆ ಪುಸ್ತಕ ಅಚ್ಚುಹಾಕಿಸಿದ. ಮೊದಲ ಮುದ್ರಣದಲ್ಲಿದ್ದದ್ದು 475 ಅಡುಗೆಗಳು. ಊರೂರಿನ ಗೃಹಿಣಿಯರು ಪತ್ರ ಬರೆದು ತಮ್ಮ ಮನೆಯ ಪಾಕಗಳನ್ನು ಕಳಿಸುತ್ತಾ ಹೋದರು, ಅವನು ಸಾಯುವ ಹೊತ್ತಿಗೆ ಸಂಖ್ಯೆ 790ಕ್ಕೆ ಏರಿತ್ತು. ಪ್ರತಿಯೊಂದನ್ನೂ ಅವನ ಮನೆಯ ಒಲೆಯಲ್ಲಿ ಮಾಡಿ ನೋಡಿದವರು ಅಡುಗೆಯ ಮಾರಿಯೆತ್ತಾ ಮತ್ತು ಅವಳ ಜೊತೆಗಾರ ಫ್ರಾಂಚೆಸ್ಕೊ. 1911ರಲ್ಲಿ ತೀರಿಕೊಳ್ಳುವಾಗ ಆರ್ತೂಸಿ ಆ ಪುಸ್ತಕದ ಹಕ್ಕನ್ನು ಬರೆದಿಟ್ಟದ್ದು ಈ ಇಬ್ಬರ ಹೆಸರಿಗೆ. ಅವನ ಹುಟ್ಟೂರು ಫೋರ್ಲಿಂಪೋಪೊಲಿಯಲ್ಲಿ ಈಗ ‘ಕಾಸಾ ಆರ್ತೂಸಿ’ ಎಂಬ ಸಂಸ್ಥೆಯಿದೆ. ಅಲ್ಲಿ ಲಟ್ಟಣಿಗೆ ಹಿಡಿಸಿ ಕಲಿಸುವ ಹೆಂಗಸರನ್ನು ಕರೆಯುವುದು ‘ಮಾರಿಯೆತ್ತೆ’ಯರು ಎಂದೇ. ಅಡುಗೆಯವಳ ಹೆಸರು ಗುರುವಿನ ಹೆಸರಾಯಿತು. ನನಗೆ ಇಟಲಿಯ ಅಡುಗೆಯಲ್ಲಿ ಎಲ್ಲಕ್ಕಿಂತ ರುಚಿಸುವ ಸಂಗತಿ ಇದು.

ಈಗ ನಮ್ಮ ಕಡೆಗೆ ಬರೋಣ. ಕಬಕ-ಪುತ್ತೂರು ನಿಲ್ದಾಣದಲ್ಲೋ ನೆಟ್ಟಣದ ಸುಬ್ರಹ್ಮಣ್ಯ ರೋಡ್ ನಿಲ್ದಾಣದಲ್ಲೋ ಬೆಳಗಿನ ರೈಲಿಳಿದು ಬರುವವರಿಗೆ ಕೊರತೆಯಿಲ್ಲ. ಕುಕ್ಕೆಗೆ ಹರಕೆ ಹೊತ್ತವರು, ಕುಮಾರಪರ್ವತ ಏರುವವರು, ಸಂಪಾಜೆ ಘಾಟಿ ಇಳಿದು ಸುಳ್ಯದಲ್ಲಿ ತಂಗುವವರು, ಏಪ್ರಿಲ್‌ನಲ್ಲಿ ಮಹಾಲಿಂಗೇಶ್ವರನ ಜಾತ್ರೆಗೆ ಬರುವವರು. ತೋಟದ ಮನೆಗಳಲ್ಲಿ ಹೋಂಸ್ಟೇಗಳು ಎದ್ದಿವೆ. ಅತಿಥಿಗೆ ಅಡಿಕೆ ತೋಟ ಸುತ್ತಿಸುತ್ತಾರೆ, ಕೊಕ್ಕೊ ಕಾಯಿ ಒಡೆದು ಬಿಳಿ ತಿರುಳು ಚೀಪಲು ಕೊಡುತ್ತಾರೆ, ಹೊಳೆಯಲ್ಲಿ ಕಾಲಾಡಿಸಲು ಕರೆದೊಯ್ಯುತ್ತಾರೆ. ಹೊತ್ತಿಗೆ ಸರಿಯಾಗಿ ಬಾಳೆಲೆ ಹಾಕಿ ಬಡಿಸುತ್ತಾರೆ. ಬಡಿಸುವುದರಲ್ಲಿ ನಮ್ಮವರನ್ನು ಮೀರಿಸುವವರಿಲ್ಲ. ಆದರೆ ಅತಿಥಿಯ ಓಡಾಟ ಜಗಲಿ, ಅಂಗಳ, ತೋಟ, ಊಟದ ಕೋಣೆಗೆ ಮುಗಿಯುತ್ತದೆ. “ಈ ಶ್ಯಾವಿಗೆ ಹೇಗೆ ಮಾಡಿದಿರಿ ಅಕ್ಕಾ?” ಎಂದು ಯಾರಾದರೂ ಕೇಳಿದರೆ ಸಿಗುವ ಉತ್ತರ: “ಅದರಲ್ಲಿ ಎಂತ ಉಂಟು, ಅಕ್ಕಿ ಕಡೆದು ಬೇಯಿಸಿ ಒತ್ತಿದ್ದು, ಅಷ್ಟೆ.”

ಆ “ಅಷ್ಟೆ”ಯೊಳಗೆ ಒಂದು ಇಡೀ ಬೆಳಗಿನ ಪಾಠ ಇದೆ.

ಬೆಳ್ತಿಗೆ ಅಕ್ಕಿಯನ್ನು ನಾಲ್ಕೈದು ಗಂಟೆ ನೆನೆಹಾಕಿ ನುಣ್ಣಗೆ ಕಡೆಯಬೇಕು. ಬೆರಳಿಗೆ ತರಿ ಸಿಕ್ಕಿದರೆ ಆಮೇಲೆ ಅಚ್ಚಿನ ಕಣ್ಣು ಕಟ್ಟಿಕೊಳ್ಳುತ್ತದೆ. ಉಪ್ಪು ಹಾಕಿದ ಹಿಟ್ಟನ್ನು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಕಾಯಿಸುತ್ತಾ ತಿರುವುತ್ತಲೇ ಇರಬೇಕು. ಮೊದಲು ನೀರು, ಆಮೇಲೆ ಗಂಜಿ, ಒಂದು ಕ್ಷಣದಲ್ಲಿ ತಳ ಬಿಟ್ಟು ಮುದ್ದೆ. ಸಟ್ಟುಗಕ್ಕೆ ಅಂಟುವುದನ್ನು ಬಿಟ್ಟಿತೆಂದರೆ ಇಳಿಸಬೇಕು. ಆ ಕ್ಷಣವನ್ನು ಮಣಿಗಂಟಿನ ಎಳೆತದಿಂದ ಗೊತ್ತುಮಾಡಿಕೊಳ್ಳಬೇಕೇ ಹೊರತು ಗಡಿಯಾರ ನೋಡಿ ಆಗುವುದಿಲ್ಲ. ಕೈಗೆ ತೆಂಗಿನೆಣ್ಣೆ ಸವರಿಕೊಂಡು ಬಿಸಿ ಹಿಟ್ಟನ್ನೇ ಉಂಡೆ ಕಟ್ಟಿ ಹಬೆಯಲ್ಲಿ ಮತ್ತೆ ಬೇಯಿಸಬೇಕು. ಬೆಂದ ಉಂಡೆಯನ್ನು ಆರಲು ಬಿಡದೆ ಒಂದೊಂದಾಗಿ ತೆಗೆದು ಒತ್ತಬೇಕು. ಆರಿದರೆ ಎಷ್ಟು ತೋಳ್ಬಲ ಇದ್ದರೂ ಜಗ್ಗುವುದಿಲ್ಲ, ಜಗ್ಗಿದರೂ ಎಳೆ ತುಂಡಾಗುತ್ತದೆ. ಹೀಗಾಗಿ ಇದು ಒಬ್ಬರ ಕೆಲಸವೇ ಅಲ್ಲ. ಒಬ್ಬರು ಹಬೆಯಿಂದ ಉಂಡೆ ಎತ್ತಿಕೊಡಬೇಕು, ಒಬ್ಬರು ತಿರುಪು ತಿರುಗಿಸಬೇಕು, ಇನ್ನೊಬ್ಬರು ಕೆಳಗೆ ಬಾಳೆಲೆ ಹಿಡಿದು ಸುತ್ತು ತಿರುಗಿಸುತ್ತಾ ಎಳೆಯನ್ನು ಕೂರಿಸಬೇಕು. ತುಳುವಿನ ಮನೆಯಲ್ಲಿ ಸೇಮೆದಡ್ಡೆ, ಹವ್ಯಕರಲ್ಲಿ ಸೇಮಗೆ. ಒಬ್ಬರಿಗೆ ಬೆಲ್ಲದ ಕಾಯಿಹಾಲು ಬೇಕು, ಒಬ್ಬರಿಗೆ ಮಾವಿನ ಹಣ್ಣಿನ ರಸಾಯನ, ಇನ್ನೊಂದು ಮನೆಯಲ್ಲಿ ಕೋಳಿ ಸಾರಿಲ್ಲದೆ ಒಲೆ ಹಚ್ಚುವುದೇ ಇಲ್ಲ.

ಇಟಲಿಯ ಹಲಗೆಯ ಮೇಲೆ ನಡೆಯುವುದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಧಾನ್ಯದ್ದು. ಗೋಧಿಗೆ ನೀರೋ ಮೊಟ್ಟೆಯೋ ಸೇರಿ ನಾದಿದಾಗ ಗ್ಲುಟೆನ್ ಎಂಬ ಅಂಟುಬಲೆ ಹುಟ್ಟುತ್ತದೆ, ಹಿಟ್ಟು ಹಸಿಯಾಗಿಯೇ ಎಳೆಗೆ ಬಗ್ಗುತ್ತದೆ. ಅಕ್ಕಿಯಲ್ಲಿ ಆ ಬಲೆಯಿಲ್ಲ. ಅದರ ಪಿಷ್ಟವನ್ನು ಬೇಯಿಸಿಯೇ ಅಂಟು ತರಿಸಬೇಕು, ಆ ಅಂಟು ಬಿಸಿಯಿರುವಷ್ಟು ಹೊತ್ತು ಮಾತ್ರ ಮಾತು ಕೇಳುತ್ತದೆ. ಅಕ್ಕಿಯ ಶ್ಯಾವಿಗೆಗೆ ಎರಡೆರಡು ಬೇಯಿಸುವಿಕೆ, ಆತುರ, ಮೂರು ಜನರ ಕೈ ಬೇಕಾದದ್ದು ಇದರಿಂದ. ಉತ್ತರ ಇಟಲಿಯ ವೆನೆತೊ ಸೀಮೆಯಲ್ಲಿ ‘ಬೀಗೊಲಿ’ ಎಂಬ ದಪ್ಪ ಎಳೆಯ ಪಾಸ್ತಾ ಇದೆ. ಅದನ್ನು ಒತ್ತಲು ಬೆಂಚಿಗೆ ತಿರುಪು ಕೂಡಿಸಿದ ಒಂದು ಸಾಧನ, ಅದರ ಮೇಲೆ ಕುದುರೆಯೇರಿದಂತೆ ಕೂತು ಹಿಡಿ ತಿರುಗಿಸುತ್ತಾರೆ. ನಮ್ಮ ಅಟ್ಟದ ಮೇಲೆ ಧೂಳು ಹಿಡಿದಿರುವ, ಮೂರು ಕಾಲಿನ ಹಿತ್ತಾಳೆ ಒತ್ತನ್ನು ಬಲ್ಲವರು ಅದನ್ನು ಕಂಡರೆ ದಾಯಾದಿಯನ್ನು ಕಂಡಂತೆ ನಿಲ್ಲುತ್ತಾರೆ. ಅಲ್ಲಿ ಆ ಬೆಂಚಿನ ಮೇಲೆ ಕೂರಲು ಪ್ರವಾಸಿಗೆ ಕರೆಯಿದೆ. ಇಲ್ಲಿ ಒತ್ತು ಅಟ್ಟದಲ್ಲಿದೆ.

ಅಡುಗೆಯನ್ನು ನಾವು ಹೊರಗಿನವರಿಗೆ ಬಡಿಸಿದ್ದು ಹೊಸತಲ್ಲ. ರೋಮಿನ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಯಾತ್ರಿಕ 1623ರಲ್ಲಿ ಇಕ್ಕೇರಿಗೆ ಬಂದು, ಅಲ್ಲಿಂದ ಘಟ್ಟವಿಳಿದು ಮಂಗಳೂರು, ಉಳ್ಳಾಲಗಳನ್ನು ನೋಡಿದ. ತುಳುನಾಡಿನ ಒಬ್ಬ ಚಿಕ್ಕ ಅರಸನ ಮನೆಯಲ್ಲಿ ಅವನಿಗೆ ಊಟವಾಯಿತು. ನೆಲದ ಮೇಲೆ ಬಾಳೆಲೆ, ಅನ್ನ, ಬಗೆಬಗೆಯ ಪದಾರ್ಥ. ಅವನು ತಾನು ಹೊತ್ತು ತಂದಿದ್ದ ಚಮಚ, ಮುಳ್ಳುಚಮಚಗಳಿಂದಲೇ ಉಂಡ. ಅನ್ನಕ್ಕೆ ಕೈ ತಾಗಿಸದೆ ಉಣ್ಣುವವನನ್ನು ಕಂಡು ಸುತ್ತಲಿದ್ದವರು ಬೆರಗಾದರು. ಆ ಊಟದಲ್ಲಿ ಎರಡು ಗೋಡೆಗಳಿದ್ದವು: ಅತಿಥಿ ತನ್ನ ಕೈಯನ್ನು ಅನ್ನದಿಂದ ದೂರ ಇಟ್ಟುಕೊಂಡ, ಮನೆಯವರು ಅತಿಥಿಯನ್ನು ತಮ್ಮ ಒಲೆಯಿಂದ ದೂರ ಇಟ್ಟರು. ನಾಲ್ಕು ನೂರು ವರ್ಷಗಳಲ್ಲಿ ಮೊದಲನೆಯ ಗೋಡೆ ಬಿದ್ದಿದೆ. ಇಂದು ವಿದೇಶದ ಅತಿಥಿಯೂ ಕೈಯಲ್ಲೇ ಕಲಸಿ ಉಣ್ಣುತ್ತಾನೆ. ಎರಡನೆಯದು ಇನ್ನೂ ನಿಂತಿದೆ.

ಅದು ಏಕೆ ನಿಂತಿದೆ ಎಂಬುದನ್ನು ಮುಚ್ಚಿಡಬಾರದು. ನಮ್ಮ ತೋಟದ ಮನೆಗಳ ಅಡುಗೆಕೋಣೆಗೆ ಮಡಿ ಮೈಲಿಗೆಯ ಬೇಲಿ ಇತ್ತು, ಹಲವು ಮನೆಗಳಲ್ಲಿ ಇನ್ನೂ ಇದೆ. ತೋಟದಲ್ಲಿ ಅಡಿಕೆ ಹೆಕ್ಕಿದ, ಗದ್ದೆಯಲ್ಲಿ ನೇಜಿ ನೆಟ್ಟ ಹೆಂಗಸರಿಗೆ ಅಂಗಳದ ಬದಿಯಲ್ಲಿ ಊಟ ಹಾಕಿದ ಮನೆಗಳಿವು. ದುಡ್ಡು ಕೊಟ್ಟು ಬಂದ ದೂರದವರನ್ನು ಒಲೆಯ ಬಳಿಗೆ ಕರೆದು, ತಲೆಮಾರುಗಳಿಂದ ಪಕ್ಕದಲ್ಲಿ ದುಡಿದವರನ್ನು ಹೊರಗೇ ನಿಲ್ಲಿಸುವ ತರಗತಿ ನನಗೆ ಬೇಡ. ಕಲಿಸುವ ಅರ್ಹತೆಯೂ ಒಂದು ಜಾತಿಯ ಅಡುಗೆಮನೆಗೆ ಸೇರಿದ್ದಲ್ಲ. ಕಾಡಿನ ಅಣಬೆಗಳಲ್ಲಿ ತಿನ್ನುವುದು ಯಾವುದು, ಬಿಡುವುದು ಯಾವುದು, ಗದ್ದೆಯ ಏಡಿಯನ್ನು ಹೇಗೆ ಶುಚಿ ಮಾಡುವುದು, ತಜಂಕಿನ ಚಿಗುರನ್ನು ಎಷ್ಟು ಎಳತಿನಲ್ಲಿ ಚಿವುಟುವುದು – ಇವನ್ನೆಲ್ಲ ಬಲ್ಲ ಗುರುಗಳು ಹೆಚ್ಚಾಗಿ ಸಿಗುವುದು ಗುಡ್ಡದ ಬದಿಯ ಚಿಕ್ಕ ಮನೆಗಳಲ್ಲಿ. ಅರೆಭಾಷೆಯ ಗೌಡರ ಮನೆ, ಬ್ಯಾರಿಗಳ ಮನೆ, ಕ್ರೈಸ್ತರ ಮನೆ, ಕೊರಗರ, ಮೇರರ ಮನೆ – ಒಂದೇ ಅಕ್ಕಿ, ಒಂದೇ ತೆಂಗಿನಕಾಯಿ ಹತ್ತು ಅಡುಗೆಯಾಗುವುದು ಈ ಮೂರು ತಾಲೂಕಿನೊಳಗೇ.

ಆಟಿ ತಿಂಗಳನ್ನೇ ತೆಗೆದುಕೊಳ್ಳಿ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಎಡೆಬಿಡದ ಮಳೆ, ಹಿಂದೆ ಅದು ಬಡತನದ ತಿಂಗಳು. ಇಂದು ‘ಆಟಿಡೊಂಜಿ ದಿನ’ ಎಂದು ಊರೂರಲ್ಲಿ ಆಚರಿಸುತ್ತೇವೆ, ‘ಕೆಸರ್ಡೊಂಜಿ ದಿನ’ ಎಂದು ಪೇಟೆಯವರನ್ನು ಗದ್ದೆಗಿಳಿಸಿ ಓಡಿಸುತ್ತೇವೆ. ಮೇಜಿನ ಮೇಲೆ ಹತ್ತಾರು ಬಗೆಯ ಆಟಿ ತಿನಿಸು ಸಾಲಾಗಿ ಕೂರುತ್ತದೆ, ಜನ ತಿಂದು ಹೊಗಳಿ ಹೋಗುತ್ತಾರೆ. ಕೆಸರಿಗೆ ಇಳಿಯಲು ಕರೆಯುವ ನಾವು ಒಲೆಯ ಬಳಿಗೂ ಕರೆಯಬೇಕು, ಏಕೆಂದರೆ ಆಟಿಯ ಅಡುಗೆಗಳು ನೋಡಿ ಬರುವಂಥವಲ್ಲ. ಪತ್ರೊಡೆಯ ಕೆಸುವಿನೆಲೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿರುತ್ತವೆ. ಗಂಟಲು ತುರಿಸುವುದು ಅದರಿಂದಲೇ. ಎಲೆಯ ನಾರು ಹೇಗೆ ಕೀಳಬೇಕು, ಹುಳಿ ಎಷ್ಟು ಮುಂದಾಗಬೇಕು, ಹಬೆಯಲ್ಲಿ ಎಷ್ಟು ಹೊತ್ತು ಇರಬೇಕು ಎಂಬುದು ಎಲೆಯ ಜಾತಿಗೆ ತಕ್ಕಂತೆ ಬದಲಾಗುತ್ತದೆ. ಮರದ ಮೇಲೆ ಬೆಳೆಯುವ ಮರಕೆಸುವಿಗೆ ಒಂದು ಲೆಕ್ಕ, ತೋಡಿನ ಬದಿಯದಕ್ಕೆ ಇನ್ನೊಂದು. ಕಣಿಲೆಯಲ್ಲಿ ಸಯನೈಡ್ ಬಿಡುವ ಅಂಶಗಳಿವೆ. ಹೆಚ್ಚಿ ನೀರಲ್ಲಿ ಹಾಕಿ, ದಿನವೂ ನೀರು ಬದಲಿಸುತ್ತಾ ಎರಡು ಮೂರು ದಿನ ಬಿಟ್ಟೇ ಒಲೆಗೆ ಏರಿಸಬೇಕು. ಆಟಿ ಅಮಾವಾಸ್ಯೆಯ ಹಾಲೆ ಮರದ ಕಷಾಯಕ್ಕೆ ಬೆಳಕು ಹರಿಯುವ ಮೊದಲೇ ಹೋಗಿ, ಕತ್ತಿ ಮುಟ್ಟಿಸದೆ ಕಲ್ಲಿನಿಂದ ಜಜ್ಜಿ ತೊಗಟೆ ತರುವುದು ರೂಢಿ. ಆ ಕತ್ತಲಲ್ಲಿ ಹಾಲೆಯ ಬದಲು ಕಾಸರಕದ ತೊಗಟೆ ಕೈಗೆ ಬಂದರೆ ಪ್ರಾಣಕ್ಕೇ ಅಪಾಯ. ಮರ ಬಲ್ಲವರು ಹಿಂದಿನ ದಿನವೇ ಹೋಗಿ ಗುರುತು ಮಾಡಿಟ್ಟು ಬರುತ್ತಾರೆ. ಇಂಥ ವಿದ್ಯೆಗೆ ಪಕ್ಕದಲ್ಲಿ ಒಬ್ಬರು ನಿಂತಿರಲೇಬೇಕು.

ಬೇಸಿಗೆಯ ಪಾಠ ಬೇರೆ. ಹಲಸಿನ ಹಪ್ಪಳಕ್ಕೆ ಬಲಿತ, ಆದರೆ ಹಣ್ಣಾಗದ ಕಾಯಿ ಬೇಕು. ಬಡಿದು ಸದ್ದು ಕೇಳಿ ಆರಿಸುತ್ತಾರೆ. ಸೊಳೆ ಬಿಡಿಸುವುದು, ಬೇಯಿಸುವುದು, ಉಪ್ಪು ಮೆಣಸು ಜೀರಿಗೆ ಹಾಕಿ ಬಿಸಿಯಿರುವಾಗಲೇ ಗುದ್ದುವುದು, ಉಂಡೆ ಮಾಡುವುದು, ಒತ್ತುವುದು, ಚಾಪೆಗೆ ಹರಡುವುದು – ಮನೆಯ ಮಕ್ಕಳಿಂದ ಮುದುಕರವರೆಗೆ ಎಲ್ಲರಿಗೂ ಕೆಲಸ. ಕೈಗೆಲ್ಲ ಹಲಸಿನ ಮೇಣ, ಅದಕ್ಕೆ ತೆಂಗಿನೆಣ್ಣೆ. ಮಳೆಗಾಲಕ್ಕೆಂದು ಭರಣಿಯಲ್ಲಿ ಹಾಕಿಡುವ ಉಪ್ಪುಸೊಳೆಯೂ ಇದೇ ದಿನಗಳ ಕೆಲಸ. ಆಮೇಲೆ ಅಷ್ಟಮಿಗೆ ನಾಲ್ಕು ಹಲಸಿನೆಲೆಯನ್ನು ತೆಂಗಿನ ಗರಿಯ ಕಡ್ಡಿಯಿಂದ ಚುಚ್ಚಿ ಕೊಟ್ಟೆ ಕಟ್ಟುವುದು, ನಾಗರಪಂಚಮಿಗೆ ಅರಸಿನ ಎಲೆಯಲ್ಲಿ ಗಟ್ಟಿ ಮಡಚುವುದು. ಕೊಟ್ಟೆ ಕಟ್ಟಲು ಬಾರದ ತಲೆಮಾರು ಈಗಾಗಲೇ ನಮ್ಮ ಮನೆಗಳಲ್ಲಿದೆ, ಹಬ್ಬದ ಹಿಂದಿನ ದಿನ ಪೇಟೆಯಲ್ಲಿ ಕಟ್ಟಿದ್ದನ್ನೇ ಕೊಂಡು ತರುತ್ತೇವೆ. ಪ್ರವಾಸಿಗೆಂದು ತೆರೆದ ತರಗತಿಯಲ್ಲಿ ನಮ್ಮ ಮಕ್ಕಳೂ ಕೂರಬೇಕಾದ ಕಾರಣ ಇದು.

ಕಲಿಯುವ ಆಸೆ ಇಲ್ಲಿ ಇಲ್ಲವೆಂದು ಯಾರೂ ಹೇಳಲಾರರು. 2021ರ ಕೊರೊನಾ ದಿನಗಳಲ್ಲಿ ಬಾಳೆಕಾಯಿಗೆ ಬೆಲೆಯಿಲ್ಲದಾಗ ಪುತ್ತೂರಿನಿಂದ ಹೊರಡುವ ‘ಅಡಿಕೆ ಪತ್ರಿಕೆ’ಯ ಶ್ರೀಪಡ್ರೆಯವರು ‘ಬಾಕಾಹು’ – ಬಾಳೆಕಾಯಿ ಹುಡಿ – ಮಾಡುವ ಅಭಿಯಾನಕ್ಕೆ ಬೆನ್ನಾದರು. ಕೇರಳದ ಕೃಷಿ ವಿಜ್ಞಾನ ಕೇಂದ್ರದ ಪರಿಣತರಿಂದ ಕಲಿತದ್ದು ವಾಟ್ಸ್ಆ್ಯಪ್‌ನಲ್ಲಿ ಮನೆಯಿಂದ ಮನೆಗೆ ಹರಡಿತು. ಹೆಂಗಸರು ಬಾಳೆಕಾಯಿ ಹೆಚ್ಚಿ ಒಣಗಿಸಿ ಹುಡಿ ಮಾಡಿ ದೋಸೆ, ರೊಟ್ಟಿ, ಸಿಹಿತಿಂಡಿಗಳ ಚಿತ್ರ ಕಳಿಸುತ್ತಾ ಹೋದರು. ಆ ಜುಲೈಯ ‘ಮನ್ ಕೀ ಬಾತ್’ನಲ್ಲೂ ಅದರ ಪ್ರಸ್ತಾಪ ಬಂತು. ಗಡಿಯಾಚೆ ಕಾಸರಗೋಡಿನ ಮನೆಯಂಗಳದಲ್ಲಿ ಚಿತ್ರೀಕರಿಸುವ ‘ಭಟ್ ಎನ್ ಭಟ್’ ಯೂಟ್ಯೂಬ್ ವಾಹಿನಿಯನ್ನು ನೋಡಿ ಹಲಸಿನ ಅಡುಗೆ ಕಲಿತವರು ಎಷ್ಟೋ ದೇಶಗಳಲ್ಲಿದ್ದಾರೆ. ಪರದೆ ಬಹಳಷ್ಟು ಕಲಿಸುತ್ತದೆ. ಹಿಟ್ಟು ತಳ ಬಿಡುವಾಗ ಸಟ್ಟುಗ ಹಿಡಿದ ಕೈಗೆ ಆಗುವ ಹಗುರವನ್ನು ಅದು ದಾಟಿಸಲಾರದು. ಈ ಮಾತನ್ನು ಪುತ್ತೂರಿನಲ್ಲಿ ಹೊಸದಾಗಿ ಹೇಳಬೇಕಾಗಿಲ್ಲ. ಶಿವರಾಮ ಕಾರಂತರು ದಶಕಗಳ ಕಾಲ ಬಾಳಿದ ಪರ್ಲಡ್ಕದ ಬಾಲವನ, ಮಕ್ಕಳು ಆಡುತ್ತಾ ಮಾಡುತ್ತಾ ಕಲಿಯಬೇಕೆಂಬ ನಂಬಿಕೆಯಿಂದಲೇ ಹುಟ್ಟಿದ ಜಾಗ.

ದುಡ್ಡಿನ ಮಾತನ್ನೂ ಆಡಲೇಬೇಕು. ಹೋಂಸ್ಟೇಯ ಫಲಕದಲ್ಲಿ ಗಂಡಸಿನ ಹೆಸರು, ಬ್ಯಾಂಕಿನ ಖಾತೆಯೂ ಅವರದೇ. ನಸುಕಿಗೆ ಎದ್ದು ಅಕ್ಕಿ ಕಡೆಯುವವಳ ಕೆಲಸ ಮನೆಗೆಲಸದ ಲೆಕ್ಕಕ್ಕೆ ಸೇರಿಹೋಗುತ್ತದೆ. ಅದರ ಮೇಲೆ ತರಗತಿಯ ಹೊರೆಯನ್ನೂ ಹೇರಿದರೆ ಅದು ಅವಳಿಗೆ ಇನ್ನೊಂದು ದಂಡ. ಕಲಿಸುವ ಹೊತ್ತಿಗೆ ಬೇರೆ ಸಂಭಾವನೆ ಬೇಕು, ಅದು ನೇರವಾಗಿ ಅವಳ ಕೈಗೆ ಬರಬೇಕು. ಊರೂರಿನಲ್ಲಿ ಸ್ತ್ರೀಶಕ್ತಿ ಗುಂಪುಗಳು, ಸಂಜೀವಿನಿ ಒಕ್ಕೂಟಗಳು, ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಸ್ವಸಹಾಯ ಸಂಘಗಳು ಇವೆ. ಲೆಕ್ಕ ಬರೆಯುವುದು, ಸರದಿ ಹಂಚುವುದು, ಉಳಿತಾಯ ಇಡುವುದು ಅವರಿಗೆ ನೀರು ಕುಡಿದಷ್ಟು ಸಲೀಸು. ಇವತ್ತು ಒಂದು ಮನೆಯಲ್ಲಿ ಶ್ಯಾವಿಗೆ, ನಾಳೆ ಇನ್ನೊಂದರಲ್ಲಿ ಕೋರಿರೊಟ್ಟಿಯ ಸಾರು, ಮತ್ತೊಂದರಲ್ಲಿ ಬ್ಯಾರಿ ಮನೆಯ ಪತ್ತಿರಿ ಎಂದು ಸಂಘವೇ ಸರದಿ ಹಾಕಿದರೆ ಒಬ್ಬಳ ಮೇಲೆ ಭಾರ ಬೀಳುವುದಿಲ್ಲ, ಒಂದು ಮನೆಯ ಸೊತ್ತಾಗಿಯೂ ಉಳಿಯುವುದಿಲ್ಲ.

ಈ ಆಟಿಗೇ ಶುರುಮಾಡಬಹುದು. ಕುಕ್ಕೆಗೆ ಬರುವವರು ದೇವರ ದರ್ಶನ ಮುಗಿಸಿ ಮಧ್ಯಾಹ್ನದ ನಂತರ ಖಾಲಿ ಇರುತ್ತಾರೆ, ಮಳೆಯಲ್ಲಿ ಚಾರಣವೂ ಕಷ್ಟ. ಆರೇಳು ಮಂದಿಗಿಂತ ಹೆಚ್ಚು ಬೇಡ. ತೋಡಿನ ಬದಿಗೆ ಕರೆದೊಯ್ದು ಕೆಸುವಿನೆಲೆ ಕೊಯ್ಯುವುದರಿಂದ ಆರಂಭ. ಕೈ ತುರಿಸದಂತೆ ಎಣ್ಣೆ ಹಚ್ಚಿಕೊಳ್ಳುವುದನ್ನು ಮೊದಲೇ ಹೇಳಬೇಕು. ನಾರು ತೆಗೆಯುವುದು, ಹಿಟ್ಟು ಕಡೆಯುವುದು, ಸವರಿ ಸುರುಳಿ ಸುತ್ತುವುದು ಅತಿಥಿಗಳ ಕೆಲಸ, ಪಕ್ಕದಲ್ಲಿ ಕೂತು ತಿದ್ದುವುದು ಮನೆಯವಳದು. ಬೇಯುವ ಹೊತ್ತಿನಲ್ಲಿ ಮಾತು, ಚಹಾ. ರಾತ್ರಿಯ ಊಟಕ್ಕೆ ಅದೇ ಪತ್ರೊಡೆ, ಕೂರುವವರಲ್ಲಿ ಎಲೆ ಕೊಯ್ಯಲು ತೋರಿಸಿದ ನೆರೆಮನೆಯವರೂ ಇರಬೇಕು. ಬಾಗಿಲ ಬಳಿ ಒಂದು ಪುಸ್ತಕ ಇಟ್ಟು ಆ ದಿನ ಕಲಿಸಿದವಳ ಹೆಸರು, ಅವಳ ಪಾಕದ ಅಳತೆ ಬರೆದಿಡಲಿ. ಹೋಗುವವರು ಅದರ ಒಂದು ಪ್ರತಿ ಕೊಂಡೊಯ್ಯಲಿ, ಅದರ ಬೆಲೆಯೂ ಅವಳಿಗೇ ಸಲ್ಲಲಿ.